ಮೆರುಗು ಬೇರೆ, ದರ್ಜೆ ಬೇರೆ: ಚಲಾವಣೆಯ ನಾಣ್ಯದ ಮೀಮಾಂಸೆ

ವಿಷಯ

ಗಣರಾಜ್ಯ ಭಾರತದ ಚಲಾವಣೆಯ ನಾಣ್ಯ ಇಲ್ಲಿಯ ವಿಷಯ. 1950ರಿಂದ ಈಚೆಗೆ ಮುಂಬೈ, ಕೋಲ್ಕತ್ತ, ಹೈದರಾಬಾದುಗಳಲ್ಲಿ, 1988ರಿಂದ ನೋಯ್ಡಾದಲ್ಲೂ ಅಚ್ಚಾಗಿ, ತರಕಾರಿ ಅಂಗಡಿ, ಕಂಡಕ್ಟರರ ಚರ್ಮದ ಚೀಲ, ದೇವಸ್ಥಾನದ ಹುಂಡಿ ಎಲ್ಲವನ್ನೂ ಸುತ್ತಿ ಬರುವ ನಾಣ್ಯ. ವರಹ, ಹಣ, ಮೊಹರುಗಳ ಮಾತು ಇಲ್ಲಿಲ್ಲ. ಅವನ್ನು ಪರೀಕ್ಷಿಸಲು ಚಿನಿವಾರರ ಕಾಲದಿಂದ ಬಂದ ದಾರಿಗಳಿವೆ. ತಕ್ಕಡಿ ಮತ್ತು ಒರೆಗಲ್ಲು ಅರ್ಧ ಕೆಲಸ ಮುಗಿಸಿಬಿಡುತ್ತವೆ. ಇವತ್ತಿನ ರೂಪಾಯಿಯನ್ನು ಒರೆಗೆ ಹಚ್ಚಿ ತಿಳಿಯುವಂಥದ್ದು ಏನೂ ಇಲ್ಲ. ಅದರ ಮೈಯನ್ನು ಕಣ್ಣಿನಿಂದಲೇ ಓದಬೇಕು.

ನಾಣ್ಯ ಕೈಗೆ ಬಂದಾಗ ಎರಡು ಪ್ರಶ್ನೆ ಏಳುತ್ತವೆ. ಇದು ಎಷ್ಟು ಕೆಡದೆ ಉಳಿದಿದೆ ಎಂಬುದು ದರ್ಜೆಯ ಪ್ರಶ್ನೆ. ಇದರ ಮೈ ಯಾವ ಬಗೆಯದು ಎಂಬುದು ಮೆರುಗಿನ ಪ್ರಶ್ನೆ. ನಾಣ್ಯ ಮೇಳಗಳ ಮೇಜಿನಾಚೆಯಿಂದ ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಬರುತ್ತದೆ: "ನೋಡಿ ಸಾರ್, ಹೆಂಗೆ ಪಳಪಳ ಅಂತಿದೆ, ಪಕ್ಕಾ ಯುಎನ್‌ಸಿ." ಯುಎನ್‌ಸಿ ಎಂದರೆ ಚಲಾವಣೆಗೆ ಇಳಿಯದ ನಾಣ್ಯ. ಮಾರುವವರಿಗೆ ಅರಿವಿಲ್ಲದೆಯೇ ಇದೊಂದು ತರ್ಕಶಾಸ್ತ್ರದ ಅನುಮಾನ ವಾಕ್ಯ. ನಾಣ್ಯ ಚಲಾವಣೆಗೆ ಇಳಿದಿಲ್ಲ ಎಂಬುದು ಪ್ರತಿಜ್ಞೆ, ಹೊಳೆಯುತ್ತದೆ ಎಂಬುದು ಹೇತು. ತರ್ಕ ಓದಿದವರು ಕೇಳುವ ಮೊದಲ ಪ್ರಶ್ನೆ, ಹೇತುವಿಗೆ ವ್ಯಭಿಚಾರ ಉಂಟೆ, ಅಂದರೆ ಹೇತು ಇದ್ದೂ ಪ್ರತಿಜ್ಞೆ ಸುಳ್ಳಾಗುವ ಉದಾಹರಣೆ ಉಂಟೆ ಎಂದು. ಉಂಟು. ಹತ್ತು ವರ್ಷ ಬೀದಿಯಲ್ಲಿ ಸುತ್ತಿ, ಆಮೇಲೆ ಪುಡಿ ಹಾಕಿ ತಿಕ್ಕಿಸಿಕೊಂಡ ನಾಣ್ಯವೂ ಹೊಳೆಯುತ್ತದೆ. ವಾಕ್ಯವನ್ನು ತಿರುಗಿಸಿದರೂ ನಿಲ್ಲದು: ಒಮ್ಮೆಯೂ ಬೀದಿ ಕಾಣದೆ ಪೊಟ್ಟಣದಲ್ಲೇ ಉಳಿದ ಅಲ್ಯೂಮಿನಿಯಂ ಮೂರು ಪೈಸೆ ಬೂದು ಬಿಳುಪಾಗಿ ಮಂಕಾಗಿರುತ್ತದೆ.

ನನ್ನ ಪಕ್ಷವನ್ನು ಮೊದಲೇ ಹೇಳುತ್ತೇನೆ. ನಾಣ್ಯದ ಮೇಲಿನ ಪ್ರತಿಯೊಂದು ಗುರುತಿಗೂ ಒಂದೇ ಪ್ರಶ್ನೆ ಹಾಕಬೇಕು: ಇದು ಅಚ್ಚಿನಿಂದ ಬಂದದ್ದೋ, ಅಚ್ಚು ಬಿಟ್ಟ ಮೇಲೆ ಬಂದದ್ದೋ? ಮೊದಲನೆಯದೆಲ್ಲ ಮೆರುಗಿನ ಲೆಕ್ಕಕ್ಕೆ, ಎರಡನೆಯದೆಲ್ಲ ದರ್ಜೆಯ ಲೆಕ್ಕಕ್ಕೆ. ಎರಡು ಖಾತೆಗಳನ್ನು ಬೆರೆಸದವರ ತೀರ್ಪನ್ನು ನಂಬಬಹುದು. ಬೆರೆಸಿದವರು ಎಷ್ಟೇ ಅನುಭವಿಗಳಾಗಿರಲಿ, ಅವರ ಮಾತಿಗೆ ಆಧಾರವಿಲ್ಲ.

ಮೆರುಗು ಹುಟ್ಟುವ ಬಗೆ

ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆದುಮಾಡಿ, ಆಮ್ಲದಲ್ಲಿ ತೊಳೆದು, ಉರುಳಿಸಿ ಮಿರುಗಿಸುತ್ತಾರೆ. ಅಂಚನ್ನು ಎತ್ತರಿಸಿದ ಮೇಲೆ ಬಿಲ್ಲೆ ಎರಡು ಅಚ್ಚುಗಳ ನಡುವೆ, ಸುತ್ತ ಒಂದು ಬಳೆಯ ಒಳಗೆ, ಕ್ಷಣಾರ್ಧದಲ್ಲಿ ಭಾರೀ ಒತ್ತಡಕ್ಕೆ ಸಿಕ್ಕಿ ನಾಣ್ಯವಾಗುತ್ತದೆ. ಆ ಕ್ಷಣದಲ್ಲಿ ಲೋಹ ಕರಗುವುದಿಲ್ಲ, ಆದರೆ ಹರಿಯುತ್ತದೆ. ನಡುವಿನಿಂದ ಅಂಚಿನ ಕಡೆಗೆ, ಅಕ್ಷರ ಚಿತ್ರಗಳ ಗುಳಿಗಳೊಳಗೆ ನುಗ್ಗುತ್ತದೆ. ಹೀಗೆ ಸಾವಿರಾರು ಬಿಲ್ಲೆಗಳ ಲೋಹ ಉಜ್ಜಿಕೊಂಡು ಹೋದಂತೆ ಅಚ್ಚಿನ ಮುಖದ ಮೇಲೆ ಕೇಂದ್ರದಿಂದ ಹೊರಕ್ಕೆ ಬಲು ಸಣ್ಣ ಗೆರೆಗಳು ಏಳುತ್ತವೆ, ಅವು ಮುಂದಿನ ಪ್ರತಿ ನಾಣ್ಯಕ್ಕೂ ಇಳಿಯುತ್ತವೆ. ಒಂದೇ ದೀಪದ ಕೆಳಗೆ ಅಂಥ ನಾಣ್ಯವನ್ನು ಓರೆ ಹಿಡಿದು ತಿರುಗಿಸಿದರೆ ಬೆಳಕಿನ ಎರಡು ಪಟ್ಟಿಗಳು ಬಂಡಿಗಾಲಿಯ ಕಡ್ಡಿಗಳಂತೆ ಸುತ್ತುತ್ತವೆ. ಟಂಕಸಾಲೆಯ ಮೆರುಗು ಎನ್ನುವುದು ಇದನ್ನೇ. ಅದು ಬರಿಯ ಹೊಳಪಲ್ಲ, ಚಲಿಸುವ ಹೊಳಪು. ಆ ಸೂಕ್ಷ್ಮ ಗೆರೆಗಳು ಬೆರಳ ತಿಕ್ಕಾಟಕ್ಕೂ ಸವೆಯುತ್ತವೆ. ಒಮ್ಮೆ ಸವೆದರೆ ಯಾವ ಪುಡಿಯೂ, ಯಾವ ಯಂತ್ರವೂ ಅವನ್ನು ಮರಳಿ ತರಲಾರದು.

ಅಚ್ಚಿನ ವಯಸ್ಸಿನ ಮೇಲೆ ಮೆರುಗು ಬದಲಾಗುತ್ತದೆ. ಹೊಸದಾಗಿ ನಯಮಾಡಿದ ಅಚ್ಚಿನ ಮೊದಲ ನಾಣ್ಯಗಳ ಬಯಲು, ಅಂದರೆ ಚಿತ್ರ ಅಕ್ಷರಗಳಿಲ್ಲದ ಸಪಾಟು ಜಾಗ, ಕನ್ನಡಿಯ ಹಾಗಿರುತ್ತದೆ. ನಡುವಯಸ್ಸಿನ ಅಚ್ಚು ಬಂಡಿಗಾಲಿಯ ಮೆರುಗು ಕೊಡುತ್ತದೆ. ಮುದಿ ಅಚ್ಚಿನಿಂದ ಬಂದವು ಮರಳು ಮರಳಾಗಿ, ಅಕ್ಷರಗಳ ಬುಡ ಅಂಚಿನ ಕಡೆಗೆ ಎಳೆದಂತೆ ಕಾಣುತ್ತವೆ. ಮೂರೂ ಒಂದೇ ದಿನ ಪೊಟ್ಟಣ ಬಿಚ್ಚಿದ ನಾಣ್ಯಗಳಾಗಿರಬಹುದು. ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ ಚೆನ್ನ ಎಂದು ನಿಮಗೆ ಅನಿಸಿದರೆ ಅದು ರುಚಿ. ದರ್ಜೆ ಮೂರಕ್ಕೂ ಒಂದೇ ಇರಬಹುದು.

ಪ್ರೂಫ್ ಎಂಬುದೂ ಹೀಗೆಯೇ. ಮಿರುಗಿಸಿದ ಬಿಲ್ಲೆ, ಮಿರುಗಿಸಿದ ಅಚ್ಚು, ಒಂದಕ್ಕಿಂತ ಹೆಚ್ಚು ಬಾರಿ ನಿಧಾನವಾಗಿ ಒತ್ತಿದ ಒತ್ತು, ಕನ್ನಡಿಯಂಥ ಬಯಲಿನ ಮೇಲೆ ಹಿಮ ಕವಿದಂಥ ಚಿತ್ರ: ಇದು ತಯಾರಿಕೆಯ ಬಗೆ. ಮುಂಬೈ ಟಂಕಸಾಲೆ ಪ್ರೂಫ್ ನಾಣ್ಯಗಳಿಗೆ ಹಿಂದೆ ಬಿ, ಈಚೆಗೆ ಎಂ ಅಕ್ಷರ ಹಾಕುತ್ತದೆ. ಅಂಥದ್ದನ್ನು ಯಾರೋ ಪುಣ್ಯಾತ್ಮರು ಡಬ್ಬಿಯಿಂದ ತೆಗೆದು ಬೀಡಾ ಅಂಗಡಿಗೆ ಕೊಟ್ಟು ಅದು ವರ್ಷಗಟ್ಟಲೆ ಓಡಾಡಿದರೂ ಪ್ರೂಫೇ, ಆದರೆ ಸವೆದ ಪ್ರೂಫ್. "ಯುಎನ್‌ಸಿಗಿಂತ ಮೇಲಿನ ದರ್ಜೆ ಪ್ರೂಫ್" ಎಂಬ ಮಾತು ಎಷ್ಟು ಸಲ ಕಿವಿಗೆ ಬಿದ್ದರೂ ತಪ್ಪೇ. ಸರ್ಕಾರಿ ಟಂಕಸಾಲೆಗಳು ಮಾರುವ ಯುಎನ್‌ಸಿ ಸೆಟ್ಟು ಈ ಗೊಂದಲವನ್ನು ಇನ್ನಷ್ಟು ಬೆಳೆಸಿದೆ. ಅಲ್ಲಿ ದರ್ಜೆಯ ಹೆಸರನ್ನೇ ಸರಕಿನ ಹೆಸರು ಮಾಡಿಬಿಟ್ಟಿದ್ದಾರೆ.

ಲೋಹಕ್ಕೆ ತಕ್ಕ ನೋಟ

ನಮ್ಮ ದರ್ಜೆಯ ಭಾಷೆ ಬೆಳೆದದ್ದು ಬೆಳ್ಳಿ, ತಾಮ್ರಗಳ ಮೇಲೆ. ಅಲ್ಲಿ ಸವೆತವೇ ಮುಖ್ಯ ಸಾಕ್ಷಿ. ಬ್ರಿಟಿಷ್ ಕಾಲದ ನಾಣ್ಯದ ಮೇಲಿನ ರಾಣಿಯ ಕೂದಲು ಎಷ್ಟು ಉಳಿದಿದೆ, ಕಿರೀಟದ ಮಣಿ ಕಾಣುತ್ತದೆಯೆ ಎಂದು ನೋಡಿ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ಹೇಳುವುದು. ಈ ಕ್ರಮವನ್ನು ಹಾಗೆಯೇ ತಂದು ಇಂದಿನ ನಾಣ್ಯಕ್ಕೆ ಹೊದಿಸಿದಾಗ ಎಡವಟ್ಟು ಶುರುವಾಗುತ್ತದೆ.

1 ಏಪ್ರಿಲ್ 1957ರಂದು ದಶಮಾಂಶ ನಾಣ್ಯ ಬಂದ ಮೇಲೆ ನಮ್ಮಲ್ಲಿ ಲೋಹಗಳ ಮೆರವಣಿಗೆಯೇ ನಡೆದಿದೆ. ರೂಪಾಯಿ ಮೊದಲು ಶುದ್ಧ ನಿಕ್ಕಲ್ ಆಗಿತ್ತು. 1975ರಿಂದ ತಾಮ್ರ–ನಿಕ್ಕಲ್ ಮಿಶ್ರಣ. 1992ರಿಂದ ಕ್ರೋಮಿಯಂ ಬೆರೆತ ಕಲೆರಹಿತ ಉಕ್ಕು. ಸಣ್ಣ ಪೈಸೆಗಳು ಅಲ್ಯೂಮಿನಿಯಂಗೆ ಇಳಿದವು. ಐದು ರೂಪಾಯಿ ಒಂಬತ್ತು ಗ್ರಾಮಿನ ದಪ್ಪ ತಾಮ್ರ–ನಿಕ್ಕಲ್ ಆಗಿ 1992ರಲ್ಲಿ ಬಂದು, 2007ರಲ್ಲಿ ಆರು ಗ್ರಾಮಿನ ಉಕ್ಕಾಗಿ, 2009ರಲ್ಲಿ ನಿಕ್ಕಲ್–ಹಿತ್ತಾಳೆಯಾಯಿತು. 2005ರ ಇಸವಿ ಹೊತ್ತು 2009ರಲ್ಲಿ ಕೈಗೆ ಬಂದ ಹತ್ತು ರೂಪಾಯಿಗೆ ಎರಡು ಲೋಹ. 2019ರ ಇಸವಿಯ, ಹನ್ನೆರಡು ಬದಿಯ ಇಪ್ಪತ್ತಕ್ಕೂ ಎರಡು ಲೋಹ.

ತಾಮ್ರ–ನಿಕ್ಕಲ್ ಒಂದೇ ಹಳೆಯ ಪಾಠಕ್ಕೆ ಸರಿಹೊಂದುವ ಲೋಹ. ನಿಧಾನವಾಗಿ, ಎತ್ತರದ ಜಾಗದಿಂದ ತಗ್ಗಿಗೆ ಕ್ರಮವಾಗಿ ಸವೆಯುತ್ತದೆ. ಅಶೋಕ ಸ್ತಂಭದ ನಡುವಿನ ಸಿಂಹದ ಎದೆಯ ಕೇಸರ ಮೊದಲು, ಆಮೇಲೆ ಹುಬ್ಬು ಮೂಗು, ಆಮೇಲೆ ಮುಂಗಾಲು. ಅಲ್ಯೂಮಿನಿಯಂ ಮೃದು, ಸವೆಯುವುದಕ್ಕಿಂತ ಮೊದಲೇ ತಗ್ಗು ಬೀಳುತ್ತದೆ, ಗೀರು ಹತ್ತುತ್ತದೆ, ಚೌಕ ಐದು ಪೈಸೆಯ ಮೂಲೆಗಳು ಮೊಂಡಾಗುತ್ತವೆ. ಇಲ್ಲಿ ಚಿತ್ರ ಬಿಟ್ಟು ಮೂಲೆ ಮತ್ತು ಬಯಲನ್ನು ನೋಡಬೇಕು.

ಉಕ್ಕಿನ ರೂಪಾಯಿಯ ಕಥೆಯೇ ಬೇರೆ, ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1992ರ ಬಗೆಯ, 25 ಮಿಲಿಮೀಟರ್ ಅಗಲದ, ಅಂಕಿಯ ಎರಡೂ ಬದಿ ತೆನೆ ಇರುವ ರೂಪಾಯಿ ಮನೆಯ ಯಾವುದಾದರೂ ಡಬ್ಬಿಯಲ್ಲಿ ಸಿಕ್ಕೀತು. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬಿನ ಮೇಜುದೀಪ ಹಚ್ಚಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿ ನಿಧಾನ ತಿರುಗಿಸಿ. ಮೊದಲ ನೋಟಕ್ಕೆ ಸಿಂಹದ ಕೇಸರ ಮಸುಕಾಗಿದೆ. ಸವೆದಿದೆ ಎಂದು ಬಾಯಿಗೆ ಬರುತ್ತದೆ. ಈಗ ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಮಸುಕಾದ ಎದೆಯ ಮೇಲ್ಮೈ ನಯವಾಗಿ, ಬಯಲಿಗಿಂತ ಬೇರೆ ಬಣ್ಣದಲ್ಲಿ, ತಿರುಗಿಸಿದಾಗ ಬೆಳಕು ಚಲಿಸದೆ ಒಂದೇ ಕಡೆ ಮಿಂಚುತ್ತಿದ್ದರೆ ಅದು ಸವೆತ. ಅದೇ ಮಸುಕಿನ ಮೇಲೆ ಪುಟ್ಟ ಪುಟ್ಟ ಗುಳಿಗಳಿದ್ದು, ಒರಟಾಗಿದ್ದು, ಅದರ ಸುತ್ತಲೂ ಬೆಳಕು ಎಂದಿನಂತೆ ಸುತ್ತುತ್ತಿದ್ದರೆ ಅಲ್ಲಿ ಏನೂ ಸವೆದಿಲ್ಲ. ಅಚ್ಚಿನ ತಳದವರೆಗೆ ಲೋಹ ಏರಲೇ ಇಲ್ಲ. ನೀವು ನೋಡುತ್ತಿರುವುದು ಬಿಲ್ಲೆಯ ಮೂಲ ಚರ್ಮವನ್ನು. ಉಕ್ಕು ಗಡುಸಾದ್ದರಿಂದ ಈ ಅರೆಒತ್ತು ಅದರಲ್ಲಿ ಮಾಮೂಲು.

ಹಾಗಾದರೆ ಉಕ್ಕಿನಲ್ಲಿ ಚಲಾವಣೆಯ ಗುರುತು ಎಲ್ಲಿ? ಅಂಚಿನಲ್ಲಿ. ಇಂದಿನ ನಾಣ್ಯಗಳ ಉಬ್ಬು ಅಂಚಿಗಿಂತ ತಗ್ಗು, ಆದ್ದರಿಂದ ಮೇಜು, ಗಲ್ಲಾಪೆಟ್ಟಿಗೆ, ಇನ್ನೊಂದು ನಾಣ್ಯ, ಎಲ್ಲದರ ಮೊದಲ ಏಟು ಅಂಚಿಗೆ. ಅಂಚಿನ ನೆತ್ತಿಯ ಮೇಲೆ ಸುತ್ತಲೂ ಚಪ್ಪಟೆಯಾದ ಒಂದು ಹೊಳೆವ ಪಟ್ಟಿ ಮೂಡಿದ್ದರೆ ನಾಣ್ಯ ಬೀದಿ ಕಂಡಿದೆ. ಆಮೇಲೆ ದೊಡ್ಡ ಅಂಕಿಯ ಚಪ್ಪಟೆ ನೆತ್ತಿ. ಅಲ್ಲಿ ಅಡ್ಡಾದಿಡ್ಡಿ ಕೂದಲೆಳೆ ಗೀರುಗಳು ಜಾಲರಿಯಾಗಿರುತ್ತವೆ. ಆಮೇಲೆ ಬಯಲು. ಚಿತ್ರ ಕಟ್ಟಕಡೆಗೆ. ತಾಮ್ರ–ನಿಕ್ಕಲ್ಲಿನ ಕ್ರಮವನ್ನು ಇಲ್ಲಿ ಪೂರ್ತಿ ತಿರುವಿಹಾಕಬೇಕು. ಸಿಂಹದಿಂದ ಶುರುಮಾಡಿದವರು ಉಕ್ಕಿನ ನಾಣ್ಯದಲ್ಲಿ ಮೋಸಹೋಗುತ್ತಾರೆ.

ಗೀರಿನ ವಿಷಯದಲ್ಲೂ ಒಂದು ವಿವೇಕ ಬೇಕು. ಟಂಕಸಾಲೆಯಲ್ಲಿ ಅಚ್ಚನ್ನು ಉಜ್ಜಿ ನಯಮಾಡಿದಾಗ ಅಚ್ಚಿನ ಮೇಲೆ ಗೀರು ಬೀಳುತ್ತದೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು. ಆದ್ದರಿಂದ ಉಬ್ಬಿದ ಗೆರೆಗಳು, ಬಯಲಿನಲ್ಲಿ ಓಡಿ ಅಕ್ಷರದ ಬುಡಕ್ಕೆ ಬಂದು ನಿಂತು, ಅಕ್ಷರದ ಆಚೆ ಮತ್ತೆ ಮುಂದುವರಿದರೆ ಅವು ಅಚ್ಚಿನವು, ದರ್ಜೆಗೆ ಧಕ್ಕೆಯಿಲ್ಲ. ನಾಣ್ಯದಲ್ಲೇ ತಗ್ಗಾಗಿದ್ದು, ಬಯಲನ್ನೂ ಅಕ್ಷರದ ನೆತ್ತಿಯನ್ನೂ ಒಂದೇ ಓಟಕ್ಕೆ ದಾಟಿದ ಗೆರೆ ಬೀದಿಯದು ಅಥವಾ ಬಟ್ಟೆಯದು. ಅಚ್ಚಿನ ಗುಳಿಯೊಳಗೆ ಉಜ್ಜುವ ಕಲ್ಲು ಇಳಿಯುವುದಿಲ್ಲ, ಆದರೆ ನಾಣ್ಯದ ಉಬ್ಬನ್ನು ಒರೆಸುವ ಬಟ್ಟೆ ಬಿಡುವುದಿಲ್ಲ: ಇಷ್ಟೇ ಇದರ ಹಿಂದಿನ ಕಾರಣ. ಮೀಮಾಂಸೆಯಲ್ಲಿ ಇಷ್ಟು ಅಚ್ಚುಕಟ್ಟಾದ ಹೇತು ಸಿಗುವುದು ಅಪರೂಪ.

ಹತ್ತು ರೂಪಾಯಿಯಲ್ಲಿ ಹೊರಬಳೆಯನ್ನೂ ನಡುಬಿಲ್ಲೆಯನ್ನೂ ಬೇರೆ ಬೇರೆ ನೋಡಬೇಕು. ಅವೆರಡರ ಬೆಸುಗೆ ಒತ್ತಿನ ಸಮಯದಲ್ಲೇ ಆಗುವುದರಿಂದ, ಸೇರುವಲ್ಲಿನ ಕೂದಲೆಳೆ ಸಂದು ಅಚ್ಚಿನ ಖಾತೆಗೆ ಸೇರಿದ್ದು. ಈ ನಾಣ್ಯದ ಮೇಲೆ ವದಂತಿಯ ಉಪಕಾರವೊಂದಿದೆ. ರೂಪಾಯಿ ಚಿಹ್ನೆ ಇಲ್ಲದ್ದು ಸಲ್ಲದು, ಗೆರೆ ಎಣಿಕೆ ತಪ್ಪಿದ್ದು ಸಲ್ಲದು ಎಂಬ ಪುಕಾರು ಕರ್ನಾಟಕದಲ್ಲೂ ಹೊರಗೂ ಹಬ್ಬಿತ್ತು. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಅಂಗಡಿಯವರು ಬೇಡವೆಂದದ್ದರಿಂದ ಮನೆಯ ಡಬ್ಬಿ ಸೇರಿದ ಹತ್ತುಗಳಲ್ಲಿ ಬಳೆ ಮಂಕು, ಅಂಚು ಹೊಸದು, ಮೆರುಗು ಜೀವಂತ ಎಂಬ ಸ್ಥಿತಿ ಸಿಗುತ್ತದೆ. ಬಣ್ಣ ನೋಡಿ ಅವನ್ನು ಕೆಳಗಿಳಿಸಬಾರದು. ಬಣ್ಣ ಬದಲಾಗುವುದು ಗಾಳಿಯ ಕೆಲಸ, ಸವೆತಕ್ಕೂ ಅದಕ್ಕೂ ನಂಟಿಲ್ಲ.

ಆಕ್ಷೇಪಗಳು

ಇನ್ನು ಪೂರ್ವಪಕ್ಷ. "ರೂಪಾಯಿ ರೂಪಾಯಿಯೇ. ಸವೆದದ್ದಕ್ಕೂ ಒಂದು ಬೆಂಕಿಪೊಟ್ಟಣ, ಹೊಸದಕ್ಕೂ ಒಂದು ಬೆಂಕಿಪೊಟ್ಟಣ. ಇದಕ್ಕೆ ದರ್ಜೆ ಏಕೆ?" ವ್ಯವಹಾರದ ಮಟ್ಟಿಗೆ ಒಪ್ಪಿದೆ. ಆದರೆ ಟಂಕಸಾಲೆ ಒಂದು ಇಸವಿಯಲ್ಲಿ ಏನನ್ನು ಹೊರಗೆ ಕಳಿಸಿತು ಎಂಬುದಕ್ಕೆ ಕೆಡದ ನಾಣ್ಯ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. 2011ರ ಜೂನ್ 30ರಂದು ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕವು ಕಾನೂನಿನ ಮಾನ್ಯತೆ ಕಳೆದುಕೊಂಡವು. ನಾಲ್ಕಾಣೆಗೆ ಇವತ್ತು ಉಳಿದಿರುವುದು ಸಾಕ್ಷಿಯ ಬೆಲೆ ಮಾತ್ರ, ಸಾಕ್ಷಿಗೆ ನಂಬಿಕೆ ಎಷ್ಟೆಂದು ಹೇಳುವುದೇ ದರ್ಜೆ.

"ಎಲ್ಲ ನೋಡುವವರ ಕಣ್ಣಿನಲ್ಲಿದೆ. ಮಾರುವಾಗ ಯುಎನ್‌ಸಿ, ಕೊಳ್ಳುವಾಗ ವೆರಿ ಫೈನ್." ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಸಾಬೀತಾಗುವುದು ಹೆತ್ತವರ ದೋಷ, ಪರೀಕ್ಷೆಯ ದೋಷವಲ್ಲ. ಅಂಚಿನ ಮೇಲೆ ಪಟ್ಟಿ ಇದೆಯೋ ಇಲ್ಲವೋ, ಬೆಳಕು ಸುತ್ತುತ್ತದೆಯೋ ನಿಲ್ಲುತ್ತದೆಯೋ, ಗೆರೆ ಉಬ್ಬೋ ತಗ್ಗೋ ಎಂಬಲ್ಲಿ ಕೊಳ್ಳುವವರ ಕಣ್ಣಿಗೂ ಮಾರುವವರ ಕಣ್ಣಿಗೂ ಭೇದವಿಲ್ಲ. ಭೇದ ಹುಟ್ಟುವುದು ಕೆಡದ ನಾಣ್ಯಗಳೊಳಗೆ ಮತ್ತೆ ಮೇಲು ಕೀಳು ಎಣಿಸಲು ಹೊರಟಾಗ. ಟಂಕಸಾಲೆಯ ತೊಟ್ಟಿಗೆ ನಾಣ್ಯ ಬೀಳುವಾಗಲೇ ಒಂದಕ್ಕೊಂದು ತಾಗಿ ಏಟು ಬೀಳುತ್ತದೆ. ಆ ಏಟು ಬಟಾಬಯಲಿನಲ್ಲಿದ್ದರೆ ಕಣ್ಣಿಗೆ ಚುಚ್ಚುತ್ತದೆ, ತೆನೆಯ ಕಾಳುಗಳ ನಡುವೆ ಅಡಗಿದ್ದರೆ ಕಾಣುವುದೇ ಇಲ್ಲ. ಯಾವುದಕ್ಕೆ ಎಷ್ಟು ಕಳೆಯಬೇಕು ಎಂಬುದರಲ್ಲಿ ಇಬ್ಬರು ಪ್ರಾಮಾಣಿಕರೂ ಭಿನ್ನವಾಗಬಹುದು. ಅಷ್ಟನ್ನು ಬಿಟ್ಟುಕೊಡುತ್ತೇನೆ.

ಬಿಟ್ಟುಕೊಟ್ಟದ್ದನ್ನೇ ಹಿಡಿದು ಇನ್ನೊಬ್ಬರು ಬರುತ್ತಾರೆ: "ಹಾಗಾದರೆ ಕೆಡದ ನಾಣ್ಯಕ್ಕೆ ಕೊಡುವ 60ರಿಂದ 70ರವರೆಗಿನ ಅಂಕಿಗಳೆಲ್ಲ ಬೊಗಳೆಯೆ?" ಈ ಅಂಕಿಗಳ ಜನ್ಮವೃತ್ತಾಂತ ತಿಳಿದರೆ ಉತ್ತರ ಸುಲಭ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಇದನ್ನು ಕಟ್ಟಿದ. ತೀರ ಸವೆದದ್ದಕ್ಕೆ ಒಂದು, ಪರಿಪೂರ್ಣಕ್ಕೆ ಎಪ್ಪತ್ತು. ಏಕೆಂದರೆ ಪರಿಪೂರ್ಣವಾದದ್ದು ಸವೆದದ್ದರ ಎಪ್ಪತ್ತು ಪಟ್ಟು ಬೆಲೆಬಾಳುತ್ತದೆ ಎಂದು ಅವನ ಲೆಕ್ಕ. ಅಂದರೆ ಅಂಕಿ ಮೂಲದಲ್ಲಿ ಬೆಲೆಯ ಗುಣಕ. ಬೆಲೆಯ ಸಂಬಂಧ ಯಾವತ್ತೋ ಕಳಚಿಹೋಯಿತು, ಅಂಕಿ ಮಾತ್ರ ಉಳಿಯಿತು. (ಇದೇ ಮಹಾನುಭಾವ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಅವುಗಳ ಜಾಗದಲ್ಲಿ ಕಡಿಮೆ ದರ್ಜೆಯವನ್ನು ಇಟ್ಟಿದ್ದ ಎಂಬುದು ಅವನು ಸತ್ತ ಮೇಲೆ ಬಯಲಾಯಿತು. ದರ್ಜೆ ಗುರುತಿಸುವುದರಲ್ಲಿ ಅವನ ಕಣ್ಣು ಚುರುಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.) ಕೈಯಿಂದ ಮಾಡಿದ ಅಚ್ಚಿನ, ಒಂದೊಂದೂ ಒಂದೊಂದು ಬಗೆ ಸವೆದ ತಾಮ್ರಕ್ಕೆ ಅಷ್ಟು ಮೆಟ್ಟಿಲು ಬೇಕಿದ್ದಿರಬಹುದು. ಕೋಟಿಗಟ್ಟಲೆ ಅಚ್ಚಾಗುವ ಉಕ್ಕಿನ ಎರಡು ರೂಪಾಯಿಗೆ ನಾಲ್ಕು ಮೆಟ್ಟಿಲು ಸಾಕು: ಮೆರುಗು ಪೂರ್ಣ ಮತ್ತು ಬಯಲು ಶುಭ್ರ, ಮೆರುಗು ಪೂರ್ಣ ಆದರೆ ತೊಟ್ಟಿಯ ಏಟು ಉಂಟು, ಅಂಚಿನಲ್ಲಿ ಮಾತ್ರ ಚಲಾವಣೆಯ ಗುರುತು, ಬಯಲಿಗೂ ಹಬ್ಬಿದ್ದು. ಅದರಾಚೆಗಿನದು ಖರ್ಚು ಮಾಡಬೇಕಾದ ದುಡ್ಡು.

"ಸ್ಲ್ಯಾಬ್ ಮಾಡಿಸಿದರೆ ಆಯಿತಲ್ಲ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು?" ಹಣ ಪಡೆದು ನಾಣ್ಯ ನೋಡಿ, ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುವ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಅಮೆರಿಕದಲ್ಲಿ ಶುರುವಾದವು. ಅವುಗಳ ಚೀಟಿ ಶಬ್ದಪ್ರಮಾಣ, ಅಂದರೆ ನಂಬತಕ್ಕವರ ಮಾತೇ ಅಲ್ಲಿ ಆಧಾರ. ಆಪ್ತವಾಕ್ಯಕ್ಕೆ ಗೌರವ ಸಲ್ಲಬೇಕು, ನಕಲಿ ನಾಣ್ಯ ಹಿಡಿಯುವುದರಲ್ಲಿ ಅವರ ಉಪಯೋಗ ದೊಡ್ಡದು. ಆದರೆ ಮೀಮಾಂಸಕರು ಶಬ್ದಕ್ಕೆ ಪರಮಾಧಿಕಾರ ಕೊಟ್ಟದ್ದು ಕಣ್ಣಿಗೆ ಎಟುಕದ ಧರ್ಮದ ವಿಷಯದಲ್ಲಿ. ನಾಣ್ಯ ಕಣ್ಣೆದುರೇ ಇದೆ. ಮೇಲಾಗಿ ಚಲಾವಣೆಯ ಐದು ರೂಪಾಯಿಯನ್ನು ಸ್ಲ್ಯಾಬ್ ಮಾಡಿಸುವ ಖರ್ಚು ಸಾಮಾನ್ಯವಾಗಿ ಆ ನಾಣ್ಯದ ಬೆಲೆಯನ್ನು ನುಂಗಿಹಾಕುತ್ತದೆ. ಅಪವಾದವೂ ಉಂಟು: 1985ರ ರೂಪಾಯಿಗಳನ್ನು ನಮ್ಮ ಸರ್ಕಾರ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಲ್ಲೂ ಮಾಡಿಸಿತ್ತು, ಇಸವಿಯ ಕೆಳಗೆ ಎಚ್ ಅಕ್ಷರ ಇರುವುದು ಅವೇ. ಅಂಥದ್ದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬೇಕಾದರೆ ಮಾಡಿಸಿ.

"ಕೊಳೆ ಕೂತಿದೆ, ತೊಳೆದರೆ ದರ್ಜೆ ಏರುವುದಿಲ್ಲವೆ?" ಇದು ಎಲ್ಲಕ್ಕಿಂತ ಹಾನಿಕಾರಕ ಪೂರ್ವಪಕ್ಷ, ಏಕೆಂದರೆ ಇದು ವಾದದಲ್ಲಿ ನಿಲ್ಲದೆ ಅಡುಗೆಮನೆಗೆ ಹೋಗುತ್ತದೆ. ನಮ್ಮ ಜನಕ್ಕೆ ಹಿತ್ತಾಳೆ ಕಂಡರೆ ಹುಣಸೆಹಣ್ಣು ನೆನಪಾಗುತ್ತದೆ. ನಿಕ್ಕಲ್–ಹಿತ್ತಾಳೆಯ ಐದು ರೂಪಾಯಿ ತಾಮ್ರ, ಸತು, ನಿಕ್ಕಲ್ಲುಗಳ ಮಿಶ್ರಣ. ಮುಕ್ಕಾಲು ಪಾಲು ತಾಮ್ರವೇ. ಹುಂಡಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನಿಮ್ಮ ಕೈಗೆ ಬಂದ ಒಂದನ್ನು ನೋಡಿ. ಅಂಕಿಯ ಒಳಮೂಲೆಯಲ್ಲಿ ಕುಂಕುಮದ ಕೆಂಪು, ಅದರ ಮೇಲೆ ಎಣ್ಣೆಯ ಜಿಡ್ಡು, ಸುತ್ತ ಕಂದು. ಹುಣಸೆಯ ಹುಳಿ ಕಂದು ಪೊರೆಯನ್ನು ಕರಗಿಸುತ್ತದೆ, ಅದರ ಜೊತೆಗೇ ಮೇಲ್ಪದರದ ಸತುವನ್ನೂ ಕೊಂಚ ಎಳೆದುಕೊಳ್ಳುತ್ತದೆ. ಉಳಿಯುವುದು ತಾಮ್ರ ಎದ್ದುಕಾಣುವ ನಸುಗೆಂಪು ಮೈ. ನೋಡಲು ಸ್ವಚ್ಛ. ದೀಪದ ಕೆಳಗೆ ತಿರುಗಿಸಿದರೆ ಬೆಳಕು ಸುತ್ತುವುದಿಲ್ಲ. ಮೈಯೆಲ್ಲ ಒಂದೇ ಸಮ, ಸತ್ತಂತೆ ಹೊಳೆಯುತ್ತದೆ. ಅಕ್ಷರಗಳ ಒಳಮೂಲೆಯಲ್ಲಿ ಮಾತ್ರ, ಬೆರಳು ಹೋಗದ ಕಡೆ, ಹಳೆಯ ಕಂದು ಉಳಿದಿರುತ್ತದೆ. ಮೂಲೆ ಕಪ್ಪು, ಬಯಲು ನಸುಗೆಂಪು ಆದ ಹಿತ್ತಾಳೆ ನಾಣ್ಯ ಕಂಡರೆ ಯಾರೋ ಪೂಜೆಯ ಪಾತ್ರೆಗಳ ಜೊತೆ ಅದನ್ನೂ ತಿಕ್ಕಿದ್ದಾರೆ ಎಂದು ತಿಳಿಯಿರಿ. ಪುಡಿ ಹಾಕಿ ಉಜ್ಜಿದ್ದರೆ ತಗ್ಗು ಗೀರುಗಳೂ ಸೇರುತ್ತವೆ, ಒಂದೇ ದಿಕ್ಕಿಗೆ ಅಥವಾ ಸುತ್ತು ಸುತ್ತಾಗಿ, ಬೀದಿಯ ಗೀರಿನಂತೆ ದಿಕ್ಕಾಪಾಲಾಗಿ ಅಲ್ಲ.

ಹಾಗೆಂದು ಏನನ್ನೂ ಮುಟ್ಟಬಾರದು ಎಂಬ ಮಡಿವಂತಿಕೆಯೂ ನನಗಿಲ್ಲ. ಮೆದು ಪ್ಲಾಸ್ಟಿಕ್ಕಿನ ಆಲ್ಬಂನಲ್ಲಿಟ್ಟು ಹಸಿರು ಅಂಟು ಹಿಡಿದ ತಾಮ್ರ–ನಿಕ್ಕಲ್ ನಾಣ್ಯವನ್ನು ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯುವುದು ಸರಿಯೇ. ಅದು ಅಂಟನ್ನು ಕರಗಿಸುತ್ತದೆ, ಲೋಹದ ತಂಟೆಗೆ ಹೋಗುವುದಿಲ್ಲ. ಮೇಲೆ ಕೂತದ್ದನ್ನು ತೆಗೆಯಬಹುದು, ಮೈಯನ್ನೇ ತೆಗೆಯಬಾರದು. ತಿಕ್ಕಿದ ನಾಣ್ಯಕ್ಕೆ ಯಾವ ದರ್ಜೆ ಎಂದರೆ, ನನ್ನ ಉತ್ತರ: ಸವೆತದ ದರ್ಜೆಯನ್ನು ಹೇಳಿ, ಪಕ್ಕದಲ್ಲಿ "ತಿಕ್ಕಿದ್ದು" ಎಂದು ಬರೆಯಿರಿ. ಅಂಕಿಯನ್ನು ಮೆಲ್ಲಗೆ ಎರಡು ಇಳಿಸಿ ಸುಮ್ಮನಾಗುವುದು ಕೊಳ್ಳುವವರಿಗೆ ಮಾಡುವ ವಂಚನೆ.

ಕೊನೆಯ ಆಕ್ಷೇಪ ಬಲವಾದದ್ದು, ನನ್ನ ಪಕ್ಷದ ಬುಡಕ್ಕೇ ಬರುವಂಥದ್ದು. "ಅಚ್ಚಿನ ದೋಷ ದರ್ಜೆಗೆ ಸೇರದು ಎನ್ನುತ್ತೀರಿ. ಸಿಂಹಕ್ಕೆ ಮುಖವೇ ಮೂಡದ ರೂಪಾಯಿಯೂ, ಕೇಸರದ ಎಳೆ ಎಳೆ ಮೂಡಿದ ರೂಪಾಯಿಯೂ ನಿಮ್ಮ ಲೆಕ್ಕದಲ್ಲಿ ಸಮ. ಹತ್ತು ಜನರ ಮುಂದಿಟ್ಟರೆ ಹತ್ತೂ ಜನ ಎರಡನೆಯದನ್ನೇ ಎತ್ತಿಕೊಳ್ಳುತ್ತಾರೆ. ಲೋಕಕ್ಕೆ ವಿರುದ್ಧವಾದ ದರ್ಜೆ ಯಾರಿಗೆ ಬೇಕು?"

ಹತ್ತೂ ಜನ ಎರಡನೆಯದನ್ನು ಎತ್ತಿಕೊಳ್ಳುವುದು ನಿಜ, ಹನ್ನೊಂದನೆಯವನು ನಾನು. ಆದರೆ ಅವರು ಎತ್ತಿಕೊಳ್ಳುವ ಕಾರಣ ಅದು ಚೆನ್ನಾಗಿ ಉಳಿದಿದೆ ಎಂಬುದಲ್ಲ, ಚೆನ್ನಾಗಿ ಹುಟ್ಟಿದೆ ಎಂಬುದು. ಎರಡನ್ನೂ ಒಂದೇ ಅಂಕಿಯಲ್ಲಿ ತುರುಕಿದರೆ ಏನಾಗುತ್ತದೆ ನೋಡಿ. ಚೆನ್ನಾಗಿ ಒತ್ತಿ, ಕೊಂಚ ಸವೆದ ರೂಪಾಯಿಯೂ, ಅರೆಒತ್ತಿನ, ಒಂದಿಷ್ಟೂ ಸವೆಯದ ರೂಪಾಯಿಯೂ ಒಂದೇ ಅಂಕಿ ಪಡೆಯುತ್ತವೆ. ಅಂಕಿಯನ್ನು ಮಾತ್ರ ಓದಿ ಕೊಂಡವರು ಯಾವುದನ್ನು ಕೊಂಡರು? ತಿಳಿಯುವ ದಾರಿಯಿಲ್ಲ. ನೋಯ್ಡಾದ ಚುಕ್ಕೆ, ಹೈದರಾಬಾದಿನ ನಕ್ಷತ್ರ, ಮುಂಬೈಯ ವಜ್ರ, ಗುರುತೇ ಹಾಕದ ಕೋಲ್ಕತ್ತ: ಒಂದೇ ಇಸವಿಯ ಒಂದೇ ವಿನ್ಯಾಸದ ಒತ್ತು ಈ ನಾಲ್ಕರಲ್ಲಿ ಹೇಗೆ ಬೇರೆಯಾಗುತ್ತದೆ ಎಂದು ಹೋಲಿಸಲು ಹೊರಟವರಿಗಂತೂ 'ಬೆರಕೆ ಅಂಕಿ' ನಿರುಪಯೋಗಿ. ಅವರಿಗೆ ಬೇಕಾದದ್ದು ಒತ್ತಿನ ಮಾಹಿತಿ, ಸಿಗುವುದು ಒತ್ತು ಮತ್ತು ಸವೆತಗಳ ಕಲಸುಮೇಲೋಗರ.

ಆದ್ದರಿಂದ ನಾಣ್ಯ ಇಡುವ ಹೋಲ್ಡರಿನ ರಟ್ಟಿನ ಮೇಲೆ ಮೂರು ಮಾತು ಬೇರೆ ಬೇರೆ ಬರೆಯಬೇಕು ಎನ್ನುತ್ತೇನೆ: ಒತ್ತು, ಮೆರುಗು, ದರ್ಜೆ. "ಒತ್ತು ದುರ್ಬಲ, ಸಿಂಹದ ಎದೆ ಮೂಡಿಲ್ಲ, ಮೆರುಗು ಪೂರ್ಣ, ಚಲಾವಣೆಗೆ ಇಳಿದಿಲ್ಲ, ಬಯಲಿನಲ್ಲಿ ಎರಡು ಏಟು." ಸೀಸದ ಕಡ್ಡಿಯಲ್ಲಿ ಬರೆದರೆ ರಟ್ಟಿನ ಮೇಲೆ ಇಷ್ಟಕ್ಕೆ ಜಾಗ ಸಾಲುತ್ತದೆ. ಬೆಲೆ ಯಾವುದಕ್ಕೆ ಎಷ್ಟು ಎಂಬುದನ್ನು ಕೊಳ್ಳುವವರು ಮಾರುವವರು ಕೂತು ಬಗೆಹರಿಸಿಕೊಳ್ಳಲಿ.